ಕೊನೆಯ ಒಂದು ದಿನಕ್ಕಾಗಿ ಹೊತ್ತ ಚೀಲ: ಆರು ವರ್ಷ ಬಳಸಿದ ಮೇಲೆ

ಸೈಕಲ್ಲನ್ನು ಬಿಚ್ಚಿ, ತುಂಬಿ, ರೈಲಿನಲ್ಲೋ ವಿಮಾನದಲ್ಲೋ ಮನೆಗೆ ತರಲು ಬಳಸುವ ತೆಳುವಾದ ನೈಲಾನ್ ಚೀಲವೊಂದು ಆರು ವರ್ಷಗಳಿಂದ ನನ್ನ ಬಳಿ ಇದೆ. ಇದರ ಜೊತೆ ಐದು ದೀರ್ಘ ಪ್ರವಾಸಗಳನ್ನು ಮುಗಿಸಿದ್ದೇನೆ. ಚಿಕ್ಕದು 19 ದಿನಗಳದ್ದು, ದೊಡ್ಡದು 64 ದಿನಗಳದ್ದು. ನಾನು ಮನೆಯ ಬಾಗಿಲಿನಿಂದಲೇ ತುಳಿದು ಹೊರಡುವವನು. ಮರಳುವಾಗ ಮಾತ್ರ ಮೂರು ಬಾರಿ ರೈಲು, ಎರಡು ಬಾರಿ ವಿಮಾನ ಹಿಡಿದಿದ್ದೇನೆ. ಹಾಗಾಗಿ ಈ ಚೀಲ ನಿಜವಾಗಿ ದುಡಿದದ್ದು ಐದೇ ದಿನ. ಉಳಿದ ದಿನಗಳಲ್ಲೆಲ್ಲ ಹಿಂದಿನ ಕ್ಯಾರಿಯರ್ ಮೇಲೆ, ಡೇರೆಯ ಪಕ್ಕದಲ್ಲಿ, ಸುರುಳಿ ಸುತ್ತಿಕೊಂಡು ಕುಳಿತಿತ್ತು.

ತೂಕ 950 ಗ್ರಾಂ. ಅಷ್ಟು ಭಾರವನ್ನು ಒಂದೇ ದಿನದ ಕೆಲಸಕ್ಕಾಗಿ ಎಲ್ಲ ಏರುಗಳಲ್ಲೂ ಹೊರಬೇಕೇ ಎಂದು ಜೊತೆ ಸವಾರರು ಕೇಳಿದ್ದುಂಟು. ಹೊರಬೇಕು ಎಂದೇ ನನ್ನ ಉತ್ತರ.

ಚೀಲ ಕೊಳ್ಳುವ ಮೊದಲು ನನ್ನ ಪ್ರವಾಸಗಳ ಕೊನೆಯ ದಿನವೆಲ್ಲ ರಟ್ಟಿನ ಪೆಟ್ಟಿಗೆಯ ಪಾಲಾಗುತ್ತಿತ್ತು. ಹೊಸ ಸೈಕಲ್ ಬಂದ ಖಾಲಿ ಪೆಟ್ಟಿಗೆಯನ್ನು ಹುಡುಕಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಸಿಕ್ಕಿದರೆ ಅಳತೆ ಸಾಲುವುದಿಲ್ಲ. ಅಳತೆ ಸರಿಯಾದರೆ ಅದನ್ನು ಸೀಟಿನ ಮೇಲೆ ಅಡ್ಡ ಇಟ್ಟುಕೊಂಡು, ಗಾಳಿಗೆ ಹಾರದಂತೆ ಹಿಡಿದು, ನಿಲ್ದಾಣದವರೆಗೆ ನಡೆಯಬೇಕು. ಒಂದು ಸಲ 41 ದಿನ ತುಳಿದು ಮುಗಿಸಿದ ಮೇಲೆ, ಮಳೆಯಲ್ಲಿ ನೆನೆದು ತಳ ಕಳಚಿದ ಪೆಟ್ಟಿಗೆಯ ಮುಂದೆ ಟೇಪು ಹಿಡಿದು ನಿಂತಿದ್ದೆ. ಆ ಪ್ರವಾಸ ಕಡಲಂಚಿನಲ್ಲಿ ಮುಗಿಯಬೇಕಿತ್ತು. ಕಡಲಿಗೆ ಇನ್ನು 30 ಕಿ.ಮೀ. ಮಾತ್ರ ಉಳಿದಿತ್ತು. ಪೆಟ್ಟಿಗೆ ಹುಡುಕುವುದರಲ್ಲಿ ಹೊತ್ತು ಹೋಗಿ, ಕಡಲು ನೋಡದೆಯೇ ಮರಳಿದೆ. ಅದು ಇಂದಿಗೂ ನೋಯಿಸುತ್ತದೆ.

ಚೀಲ ಬಂದ ಮೇಲೆ ಕೊನೆಯ ದಿನವೂ ಸವಾರಿಯ ದಿನವೇ ಆಗಿದೆ. ಆ ದಿನದ ತುಳಿತವೇ ಬೇರೆ. ವಾರಗಟ್ಟಲೆ ದಾರಿಯಲ್ಲಿ ಕಳೆದ ಕಾಲುಗಳಿಗೆ ಅಷ್ಟು ಹೊತ್ತಿಗೆ ದಣಿವೆಂಬುದೇ ಮರೆತಿರುತ್ತದೆ, 70 ಕಿ.ಮೀ. ಎಂದರೆ ಬೆಳಗಿನ ನಡಿಗೆಯಷ್ಟು ಹಗುರ. ಆದರೂ ನಾನು ಬೇಕೆಂದೇ ನಿಧಾನಿಸುತ್ತೇನೆ. ನೆರಳಿರುವ ಮರ ಕಂಡಲ್ಲಿ ಕಾರಣವಿಲ್ಲದೆ ಇಳಿಯುತ್ತೇನೆ. ನಿಲ್ದಾಣದ ಹೆಸರು ಮೈಲಿಗಲ್ಲಿನ ಮೇಲೆ ಮೊದಲ ಬಾರಿ ಕಂಡಾಗ ಎದೆಯಲ್ಲಿ ಏನೋ ಹಿಂಡುತ್ತದೆ, ಮನೆಯ ನೆನಪೂ ಆಗಲೇ ಜೋರಾಗಿ ಬರುತ್ತದೆ. ಈ ಎರಡೂ ಒಟ್ಟಿಗೆ ಬರುವ ಕೆಲವು ಗಂಟೆಗಳು ನನಗೆ ಪ್ರವಾಸದ ಯಾವ ಘಟ್ಟದ ತುದಿಗಿಂತಲೂ ಕಡಿಮೆಯವಲ್ಲ. ಆ 950 ಗ್ರಾಂ ಹೊತ್ತದ್ದು ಇವುಗಳಿಗಾಗಿ.

ಇನ್ನು ತುಂಬುವ ಕೆಲಸ. ಮೊದಲ ಸಲ ನನಗೆ 1 ಗಂಟೆ 50 ನಿಮಿಷ ಹಿಡಿದಿತ್ತು. ಈಗ 35 ನಿಮಿಷ ಸಾಕು. ಚಕ್ರಗಳು ಇನ್ನೂ ನೆಲದ ಮೇಲಿರುವಾಗಲೇ ಪೆಡಲ್ ಬಿಚ್ಚಬೇಕು, ಆಗ ಮಾತ್ರ ಬಲ ಹಾಕಲು ಆಗುತ್ತದೆ. ಹೆಚ್ಚಿನ ಪೆಡಲ್‌ಗಳಿಗೆ 15 ಮಿ.ಮೀ. ಸ್ಪ್ಯಾನರ್ ಬೇಕು, ಕೆಲವಕ್ಕೆ ಒಳಬದಿಯಿಂದ 6 ಅಥವಾ 8 ಮಿ.ಮೀ. ಅಲೆನ್ ಕೀ. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ಕೊನೆಯ ದಿನದ ಆತುರದಲ್ಲಿ ಮರೆತುಹೋಗುತ್ತದೆ. ನಾನು ನೆನಪಿಟ್ಟುಕೊಂಡಿರುವುದು ಇಷ್ಟು: ಸ್ಪ್ಯಾನರನ್ನು ಪೆಡಲಿನಿಂದ ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬದಿಯ ಪೆಡಲ್ ಸಡಿಲವಾಗುತ್ತವೆ. ಮಳೆ, ಬೆವರು, ಧೂಳು ಸೇರಿ ತಿರುಪು ಕಚ್ಚಿಕೊಂಡಿದ್ದರೆ ಈ ಉಪಾಯವೂ ಸೋಲುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನವೇ ತಿರುಪಿಗೆ ಗ್ರೀಸ್ ಹಚ್ಚಿಡಿ. ಸೀಟು ಇಳಿಸುವ ಮುನ್ನ ಅದರ ಕೊಳವೆಗೆ ಎತ್ತರದ ಗುರುತಾಗಿ ಒಂದು ಸುತ್ತು ಟೇಪು ಹಾಕಿಕೊಳ್ಳುವುದೂ ಒಳ್ಳೆಯದು. ತಿಂಗಳುಗಟ್ಟಲೆ ಮೈಗೆ ಹೊಂದಿಕೊಂಡ ಎತ್ತರವನ್ನು ಕತ್ತಲಲ್ಲಿ ಅಂದಾಜಿನ ಮೇಲೆ ಮರಳಿ ಪಡೆಯಲು ಆಗುವುದಿಲ್ಲ.

ಚೀಲದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇದು ಸೈಕಲ್ಲನ್ನು ಮುಚ್ಚುತ್ತದೆ, ಕಾಯುವುದಿಲ್ಲ. ಕಾಯುವ ಕೆಲಸವೆಲ್ಲ ನಮ್ಮದೇ. ಮುಂದಿನ ಚಕ್ರ ತೆಗೆದ ಮೇಲೆ, ಅದನ್ನು ಹಿಡಿದಿದ್ದ ಕವೆಯ, ಅಂದರೆ ಫೋರ್ಕಿನ, ಎರಡು ತುದಿಗಳ ನಡುವೆ 100 ಮಿ.ಮೀ. ಉದ್ದದ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸುತ್ತೇನೆ, ಹೊರಗಿನ ಒತ್ತಡಕ್ಕೆ ಅವು ಒಳಕ್ಕೆ ಬಾಗಬಾರದೆಂದು. ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆಯೂ ದಪ್ಪ ರಟ್ಟಿನ ಚೂರು ಇರಲೇಬೇಕು. ಇಲ್ಲವಾದರೆ ಬ್ರೇಕ್ ಹಿಡಿಕೆ ಎಲ್ಲೋ ಒತ್ತಿಹೋಗಿ ಪ್ಯಾಡುಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ, ಮರಳಿ ಜೋಡಿಸುವಾಗ ಚಕ್ರವೇ ಒಳಗೆ ಹೋಗುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಿಂದಿನ ಡಿರೈಲರ್, ಅಂದರೆ ಗೇರು ಬದಲಿಸುವಾಗ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಮೂರನೆಯ ಪ್ರವಾಸದಲ್ಲಿ ರೈಲಿಗೆ ಹೊತ್ತಾಯಿತೆಂದು ಅದನ್ನು ಬಿಚ್ಚದೆ ಹಾಗೆಯೇ ತುಂಬಿದೆ. ದಾರಿಯಲ್ಲಿ ಯಾರದೋ ದೊಡ್ಡ ಪೆಟ್ಟಿಗೆ ಚೀಲದ ಮೇಲೆ ಒರಗಿತ್ತು. ಇಳಿದು ಜೋಡಿಸಿದಾಗ ಎಲ್ಲವೂ ಸರಿಯಾಗಿದ್ದಂತೆ ಕಂಡಿತು. ಮನೆಗೆ 4 ಕಿ.ಮೀ. ಇರುವಾಗ ಒಂದು ಸಣ್ಣ ಏರಿನಲ್ಲಿ ಹಗುರ ಗೇರಿಗೆ ಇಳಿಸಿದೆ. ಡಿರೈಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಮುರಿಯಿತು, ಮೂರು ಕಡ್ಡಿಗಳೂ ಹೋದವು. 2,800 ಕಿ.ಮೀ.ಗಳಲ್ಲಿ ಒಮ್ಮೆಯೂ ಕೈಕೊಡದ ಸೈಕಲ್ಲನ್ನು ಆ ರಾತ್ರಿ ಹಿಂದಿನ ಚಕ್ರ ಎತ್ತಿ ಹಿಡಿದು ಮನೆಗೆ ನಡೆಸಿಕೊಂಡು ಬಂದೆ. ಡಿರೈಲರನ್ನು ಹಿಡಿದಿರುವ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು, ಪೆಟ್ಟು ಬಿದ್ದಾಗ ಚೌಕಟ್ಟಿಗೆ ಬದಲಾಗಿ ತಾನು ಬಾಗಲೆಂದೇ ಮೆದುವಾಗಿರುತ್ತದೆ. ಅದು ಬಾಗಿದ್ದನ್ನು ನಾನು ನೋಡಿರಲಿಲ್ಲ. ಈಗ 5 ಮಿ.ಮೀ. ಅಲೆನ್ ಕೀಯಿಂದ ಡಿರೈಲರ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಚೌಕಟ್ಟಿನ ಒಳಬದಿಗೆ ಕಟ್ಟುತ್ತೇನೆ. ಎರಡು ನಿಮಿಷದ ಕೆಲಸ.

ಚೀಲದ ಬಾಳಿಕೆ ಮಿಶ್ರವಾಗಿದೆ. ಬಟ್ಟೆ ಗಟ್ಟಿ, ಆರು ವರ್ಷದ ಬಿಸಿಲಿಗೆ ಬಣ್ಣ ಮಾಸಿದೆ, ನೇಯ್ಗೆ ಸಡಿಲವಾಗಿಲ್ಲ. ಪೆಡಲಿನ ಬದಿಯ ದೊಡ್ಡ ಹಲ್ಲುಚಕ್ರ ತಾಗುವಲ್ಲಿ ಮಾತ್ರ ಪ್ರತಿ ಸಲವೂ ತೂತು ಬೀಳುತ್ತದೆ. ಆ ಜಾಗಕ್ಕೆ ತಯಾರಕರು ಒಂದು ಪದರ ದಪ್ಪ ಬಟ್ಟೆ ಹೊಲಿಯಬೇಕಿತ್ತು. ಎರಡನೆಯ ವರ್ಷ ಜಿಪ್ ಕಿತ್ತುಹೋಯಿತು. ಅಗಲ ಹಲ್ಲಿನ ಜಿಪ್ ಹಾಕಿಸಿದ ಮೇಲೆ ತೊಂದರೆಯಿಲ್ಲ. ಹೆಗಲ ಪಟ್ಟಿ ನನಗೆ ಹಿಡಿಸದ ಭಾಗ. ಬಿಚ್ಚಿದ ಸೈಕಲ್ 14 ಕೆ.ಜಿ. ತೂಗುತ್ತದೆ, ಆ ಭಾರಕ್ಕೆ ಎರಡು ಬೆರಳಗಲದ ಪಟ್ಟಿ ಹೆಗಲನ್ನು ಕೊರೆಯುತ್ತದೆ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹೋಗಲು ಮೂರು ಕಡೆ ಇಳಿಸಬೇಕಾಗುತ್ತದೆ. ಸಾಧ್ಯವಾದಷ್ಟು ಹತ್ತಿರಕ್ಕೆ ಸೈಕಲ್ ತಳ್ಳಿಕೊಂಡು ಹೋಗಿ, ಅಲ್ಲಿಯೇ ಬಿಚ್ಚುವುದು ಲೇಸು.

ವಿಮಾನಕ್ಕೆ ಈ ಚೀಲವನ್ನು ಅಳುಕಿನಿಂದಲೇ ಶಿಫಾರಸು ಮಾಡುತ್ತೇನೆ. ಉದ್ದ, ಅಗಲ, ಎತ್ತರ ಸೇರಿ 158 ಸೆಂ.ಮೀ. ಎಂಬುದು ಹಲವು ವಿಮಾನಗಳಲ್ಲಿ ಸಾಮಾನ್ಯ ಸಾಮಾನಿನ ಮಿತಿ. ದೊಡ್ಡ ಚಕ್ರದ ಸೈಕಲ್ ತುಂಬಿದ ಚೀಲ ಅದನ್ನು ಮೀರಿಯೇ ಮೀರುತ್ತದೆ. ಹಾಗಾಗಿ ಟಿಕೆಟ್ ಮಾಡುವಾಗಲೇ ಸೈಕಲ್ ಇದೆಯೆಂದು ತಿಳಿಸಬೇಕು. ಖಾಲಿ ಜಾಗಕ್ಕೆ ಡೇರೆ, ಬಟ್ಟೆಗಳನ್ನು ತುರುಕಿ ಮೆತ್ತೆಯಾಗಿಸಬಹುದು, 23 ಕೆ.ಜಿ. ದಾಟದಂತೆ ತೂಗಿ ನೋಡಬೇಕು ಅಷ್ಟೇ. ಸಾಮಾನಿಡುವ ಭಾಗದಲ್ಲೂ ಗಾಳಿಯ ಒತ್ತಡ ಕಾಯ್ದುಕೊಂಡಿರುತ್ತದೆ, ಟೈರು ಸಿಡಿಯುವ ಭಯ ಬೇಡ. ಸಿಬ್ಬಂದಿ ಕೇಳುತ್ತಾರೆಂದು ಸ್ವಲ್ಪ ಇಳಿಸುತ್ತೇನೆ, ಪೂರ್ತಿ ತೆಗೆಯುವುದಿಲ್ಲ. ಗಾಳಿಯಿಲ್ಲದ ಟೈರು ರಿಮ್ಮನ್ನು ಕಾಯಲಾರದು. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಒಲೆಯ ಅನಿಲದ ಡಬ್ಬಿಗೆ ವಿಮಾನದಲ್ಲಿ ಜಾಗವೇ ಇಲ್ಲ. ಕಳೆದ ಸಲ ಅರ್ಧ ತುಂಬಿದ್ದ ನನ್ನ ಡಬ್ಬಿಯನ್ನು, ಆಗಷ್ಟೇ ಪ್ರವಾಸ ಶುರು ಮಾಡುತ್ತಿದ್ದ ಯುವತಿಯೊಬ್ಬಳಿಗೆ ಕೊಟ್ಟೆ. ಅವಳ ಸೈಕಲ್ಲಿನ ಮೇಲೆ ಇನ್ನೂ ಒಂದು ಗೀರೂ ಇರಲಿಲ್ಲ.

ವರ್ಷಕ್ಕೊಮ್ಮೆ ದೂರ ಹೋಗಿ ರೈಲಿನಲ್ಲಿ ಮರಳುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಹೊರಟಲ್ಲಿಗೇ ಸುತ್ತಿ ಬರುವವರಿಗೆ ಇದು ಬೇಡ. ಕಾರ್ಬನ್ ಚೌಕಟ್ಟಿನವರು ಗಟ್ಟಿ ಪೆಟ್ಟಿಗೆಯನ್ನೇ ನೋಡಲಿ.

ಕಳೆದ ತಿಂಗಳು ಐದನೆಯ ಪ್ರವಾಸದಿಂದ ಬಂದಿಳಿದಾಗ ರಾತ್ರಿ ಹತ್ತು ದಾಟಿತ್ತು. ನಿಲ್ದಾಣದ ದೀಪದ ಕೆಳಗೆ ಸೈಕಲ್ ಜೋಡಿಸಿ, ಹ್ಯಾಂಗರನ್ನು ಹಿಂದಿನಿಂದ ಎರಡೆರಡು ಬಾರಿ ನೋಡಿ, ಹಗುರ ಗೇರನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಿದೆ. ಮನೆಯವರೆಗಿನ 11 ಕಿ.ಮೀ. ತುಳಿದೇ ಹೋದೆ. ಮರುದಿನ ಬೆಳಗ್ಗೆ ಚೀಲವನ್ನು ಒಳಹೊರಗು ಮಾಡಿ ಕೊಡವಿದಾಗ ಮೂಲೆಯಿಂದ ಹಿಡಿಯಷ್ಟು ಮರಳು, ಯಾವುದೋ ಹುಲ್ಲಿನ ಮುಳ್ಳುಬೀಜಗಳು ಬಿದ್ದವು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಹೊಸ ತೂತುಗಳಿದ್ದವು. ಸೈಕಲ್ ತೊಳೆಯುವ ಮೊದಲೇ ಕುಳಿತು ತೇಪೆ ಹಾಕಿದೆ.