ಜಯನಗರದಿಂದ ಗಾಂಧಿ ಬಜಾರಿಗೆ ಆರು ಸಿಲಿಂಡರ್ ಡೀಸೆಲ್: ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಹೋದ ವಾರ ನನ್ನ ಭಾವಮೈದ ಫೋನ್ ಮಾಡಿದ. "ಭಾವ, ನಿಮ್ಮಂಥದೇ ಗಾಡಿ ಬುಕ್ ಮಾಡ್ತಾ ಇದೀನಿ. ಡೀಸೆಲ್ಲೇ. ಶನಿವಾರ ಅಡ್ವಾನ್ಸ್ ಕೊಡ್ತೀನಿ" ಅಂದ. ಎದೆ ಧಸಕ್ಕೆಂದಿತು. ಎರಡು ವರ್ಷದಿಂದ ಈ ಗಾಡಿಯ ಕಥೆಯನ್ನು ಮನೆಯವರ ಹತ್ತಿರವೂ ಪೂರ್ತಿ ಬಾಯಿಬಿಟ್ಟಿರಲಿಲ್ಲ. ಕೋಟಿ ದಾಟಿದ ದುಡ್ಡು ಕೊಟ್ಟು ತಂದ ಮೇಲೆ 'ಎಡವಿದೆ' ಅಂತ ಒಪ್ಪಿಕೊಳ್ಳೋದಕ್ಕೆ ನಾಲಿಗೆ ಏಳಲ್ಲ. ಅವತ್ತು ಅವನಿಗೆ ಎಲ್ಲ ಹೇಳಿಬಿಟ್ಟೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಕಂಪನಿ ಯಾವುದು, ಶೋರೂಮ್ ಯಾವುದು ಅಂತ ಕೇಳಬೇಡಿ. ಗಾಡಿ ಕೆಟ್ಟದ್ದೇನಲ್ಲ. ನನ್ನ ಓಡಾಟಕ್ಕೆ ಆ ಎಂಜಿನ್ ಹೊಂದಲಿಲ್ಲ.

ಸಕಲೇಶಪುರದ ಹತ್ತಿರ ಅಪ್ಪನ ಕಾಫಿ ತೋಟ ಇದೆ. ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣು ರಸ್ತೆ. ಆಷಾಢದಲ್ಲಿ ಅದನ್ನು ರಸ್ತೆ ಅನ್ನೋದೇ ಕಷ್ಟ. ಹಾಗಾಗಿ ಒಂದು ಗಟ್ಟಿಮುಟ್ಟಾದ ಫೋರ್ ಬೈ ಫೋರ್ ಬೇಕು ಅಂತ ಬಹಳ ದಿನದ ಆಸೆ. 2023ರ ದಸರೆಗೆ ಮನಸ್ಸು ಮಾಡಿದೆ. ಶೋರೂಮಿನಲ್ಲಿ ಎರಡು ಎಂಜಿನ್ ತೋರಿಸಿದರು. ಒಂದು 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್, ಇನ್ನೊಂದು 3 ಲೀಟರಿನ ಆರು ಸಿಲಿಂಡರ್ ಡೀಸೆಲ್. ಎರಡಕ್ಕೂ ಹೆಚ್ಚುಕಮ್ಮಿ 300 ಕುದುರೆ ಶಕ್ತಿ. ಟಾರ್ಕ್, ಅಂದರೆ ಚಕ್ರ ತಿರುಗಿಸೋ ಬಲ, ಮಾತ್ರ ಪೆಟ್ರೋಲಿಗೆ 400 ನ್ಯೂಟನ್ ಮೀಟರ್, ಡೀಸೆಲಿಗೆ 650. ಇವೆರಡರ ಮೇಲೆ ಎಂಟು ಸಿಲಿಂಡರಿನ ವಿ8 ಅಂತ ಒಂದಿತ್ತು. ಅದರ ಬೆಲೆ ಕೇಳಿ ಕಾಫಿ ಕುಡಿದು ಸುಮ್ಮನಾದೆ.

ಸೇಲ್ಸ್ ಹುಡುಗ ಒಳ್ಳೆಯವನೇ. "ಸರ್, ಎಸ್ಟೇಟ್ ಇದೆ ಅಂತೀರ. ಇಂಥ ಗಾಡಿಗೆ ಪೆಟ್ರೋಲ್ ಹಾಕೋದಾ? ಆಫ್-ರೋಡ್ ಅಂದ್ರೆ ಡೀಸೆಲ್ಲೇ ಸರ್" ಅಂದ. ನನಗೂ ಅದೇ ಬೇಕಿತ್ತು. ಮಲೆನಾಡಿನಲ್ಲಿ ಬೆಳೆದವರಿಗೆ ಡೀಸೆಲ್ ಜೀಪು ಅಂದರೆ ಒಂಥರಾ ಮನೆದೇವರು. ನಮ್ಮ ಮಹೀಂದ್ರ ಎಂಎಂ 540 ಜೀಪು ಗೊಬ್ಬರ ಹೊತ್ತಿದೆ, ಸೌದೆ ಹೊತ್ತಿದೆ, ರಾತ್ರೋರಾತ್ರಿ ಬಾಣಂತಿಯನ್ನು ಹಾಸನದ ಆಸ್ಪತ್ರೆಗೂ ಹೊತ್ತಿದೆ. ಕಪ್ಪು ಹೊಗೆ ಬಿಡುತ್ತಾ ಎಲ್ಲ ಮಾಡಿದೆ. ಆ ಹೊಗೆಯೇ ಮುಂದೆ ನನ್ನ ತಲೆನೋವಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?

ಆ ಹುಡುಗ ಸೀಟಿನ ಬಣ್ಣ ಕೇಳಿದ, ಸನ್‌ರೂಫ್ ಕೇಳಿದ, ಲೋನ್ ಕೇಳಿದ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಅಂತ ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನನ್ನ ಓಡಾಟ ಇಷ್ಟೇ. ಮನೆ ಜಯನಗರ, ಆಫೀಸು ಗಾಂಧಿ ಬಜಾರಿನ ಹಿಂದೆ. ಹೆಚ್ಚೆಂದರೆ 4 ಕಿಲೋಮೀಟರ್. ಮಧ್ಯದಲ್ಲಿ ಸೌತ್ ಎಂಡ್ ಸರ್ಕಲ್. ಬೆಳಗ್ಗೆ ಅರ್ಧ ಗಂಟೆ, ಸಂಜೆ ಮುಕ್ಕಾಲು ಗಂಟೆ. ಎರಡನೇ ಗೇರು ದಾಟಿದರೆ ಹಬ್ಬ. ತಿಂಗಳಿಗೊಮ್ಮೆ ತೋಟಕ್ಕೆ ಹೋಗ್ತೀನಿ ಅಂದುಕೊಂಡಿದ್ದೆ. ಮೊದಲ ವರ್ಷ ಹೋದದ್ದು ನಾಲ್ಕು ಸಲ.

ಡಿಸೆಂಬರ್ ಹೊತ್ತಿಗೆ ಮೊದಲ ಸೂಚನೆ ಸಿಕ್ಕಿತು. ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸಿ ಲಿಫ್ಟ್ ಹತ್ತಿದ್ದೆ ಅಷ್ಟೇ, ವಾಚ್‌ಮನ್ ಇಂಟರ್‌ಕಾಮ್ ಮಾಡಿದ. ರಾಯಚೂರಿನ ಕಡೆಯವನು. "ಸಾಹೇಬ್ರ, ನಿಮ್ಮ ಗಾಡಿ ಬಂದ್ ಮಾಡಿಲ್ಲೇನ್ರಿ? ಫ್ಯಾನ್ ಭರ್ರಂತ ತಿರಗಾಕತ್ತೈತಿ, ಸುಟ್ಟ ವಾಸ್ನಿ ಬರಾಕತ್ತೈತ್ರಿ." ಓಡಿಹೋಗಿ ನೋಡಿದರೆ ಪುಣ್ಯಾತ್ಮ ಮರಳಿನ ಬಕೆಟ್ ಹಿಡಿದು ಗಾಡಿ ಮುಂದೆ ನಿಂತಿದ್ದಾನೆ. ಬಾನೆಟ್ ಕೆಳಗಿನಿಂದ ಕಾದ ಹೆಂಚಿನ ಮೇಲೆ ಎಣ್ಣೆ ಸುಟ್ಟಂಥ ವಾಸನೆ. ಐದು ನಿಮಿಷ ಬಿಟ್ಟು ಫ್ಯಾನ್ ನಿಂತಿತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ನಾರ್ಮಲ್ ಸರ್, ರೀಜನರೇಷನ್ ಆಗ್ತಿರುತ್ತೆ" ಅಂದರು. ಅದೇನು ಅಂತ ಬಿಡಿಸಿ ಹೇಳಲಿಲ್ಲ.

ಈಗ ನಾನು ಹೇಳುತ್ತೇನೆ. ಏಪ್ರಿಲ್ 2020ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕೋ ಬಿಎಸ್6 ನಿಯಮ ಬಂತಲ್ಲ, ಅದರ ಲೆಕ್ಕ ಮುಟ್ಟಿಸೋಕೆ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿಗಳು. ಹೊಗೆ ಆಚೆ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಲಾಟೀನಿನ ಗಾಜಿಗೆ ಮಸಿ ಕಟ್ಟಿದರೆ ಬೂದಿ ಹಾಕಿ ಒರೆಸುತ್ತಿದ್ದೆವು. ಇಲ್ಲಿ ಒರೆಸೋಕೆ ಆಗಲ್ಲ, ಸುಡಬೇಕು. ಹೈವೇಯಲ್ಲಿ ಒಂದೇ ಸಮ ಓಡಿಸಿದರೆ ಹೊಗೆಯ ಬಿಸಿಗೆ ಮಸಿ ಅದರಷ್ಟಕ್ಕೇ ಸ್ವಲ್ಪ ಸ್ವಲ್ಪ ಉರಿದುಹೋಗುತ್ತದೆ. ಊರೊಳಗೆ ಆ ಬಿಸಿ ಬರೋದೇ ಇಲ್ಲ. ಆಗ ಎಂಜಿನ್ ತಾನೇ ಒಂದಿಷ್ಟು ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿ ಸುಡುತ್ತದೆ. ಇದೇ ರೀಜನರೇಷನ್. ಆ ಕೆಲಸ ಮುಗಿಯೋಕೆ ಹತ್ತಿಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ ಒಂದೇ ಸಮ ಓಡಿಸಬೇಕು. ನಾನು ಸಿಗ್ನಲ್ಲಿನಲ್ಲಿ ನಿಂತು ನಿಂತು ತೆವಳಿ, ಅದು ಮುಗಿಯೋ ಮುಂಚೆಯೇ ಆಫೀಸು ತಲುಪಿ ಗಾಡಿ ಆಫ್ ಮಾಡಿರುತ್ತಿದ್ದೆ. ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಸ್‌ಮೆಂಟಿನ ವಾಸನೆ, ಫ್ಯಾನಿನ ಸದ್ದು ಎಲ್ಲ ಅದೇ.

ಇನ್ನೊಂದು ಹಾಳು ಕೆಲಸವೂ ಆಗುತ್ತಿರುತ್ತದೆ. ಸುಡೋಕೆ ಅಂತ ಬಿಟ್ಟ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯಿಂದ ಕೆಳಗೆ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಮಾಮೂಲಿಯಾಗಿ ಆಯಿಲ್ ಕಡಿಮೆಯಾಗಬೇಕು. ನನ್ನದರಲ್ಲಿ ಲೆವೆಲ್ ಏರುತ್ತಿತ್ತು! ವಿಲ್ಸನ್ ಗಾರ್ಡನ್‌ನಲ್ಲಿ ನಮ್ಮ ಹಳೇ ಕಾರುಗಳನ್ನೆಲ್ಲ ನೋಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಒಂದು ಹನಿ ಆಯಿಲ್ ತೆಗೆದು ಹೆಬ್ಬೆಟ್ಟು ತೋರುಬೆರಳ ಮಧ್ಯೆ ಉಜ್ಜಿದರು. ಆಮೇಲೆ ನನ್ನ ಬೆರಳಿಗೂ ಹಚ್ಚಿದರು. ನೀರಿನ ಹಾಗೆ ತೆಳ್ಳಗೆ. ಮೂಗಿಗೆ ಹಿಡಿದರೆ ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗೆ. "ಸಾರ್, ಇದು ಆಯಿಲ್ ಅಲ್ಲ, ಸಾರು" ಅಂದರು. ನಗು ಬರಲಿಲ್ಲ.

ಫೆಬ್ರವರಿಯ ಒಂದು ಸಂಜೆ, ಅಮ್ಮನನ್ನು ಕೂರಿಸಿಕೊಂಡು ಆರತಕ್ಷತೆಗೆ ಹೊರಟಿದ್ದೆ. ಡೇರಿ ಸರ್ಕಲ್ ಫ್ಲೈಓವರ್ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ತುಂಬಿದೆ ಅಂತ ಮೆಸೇಜು ಬಂತು. ಅದು ಹಿಂದೆಯೂ ಹಳದಿ ಬಣ್ಣದಲ್ಲಿ ಬಂದಿತ್ತು. ನಾನು ಓಕೆ ಒತ್ತಿ ಮುಂದೆ ಹೋಗಿದ್ದೆ. ಈ ಸಲ ಕೆಂಪು. ಜೊತೆಗೆ ಎಂಜಿನ್ ಉಸಿರು ಬಿಟ್ಟಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ತೆವಳುತ್ತಿತ್ತು. ಲಿಂಪ್ ಮೋಡ್ ಅಂತಾರೆ, ಕುಂಟೋದು ಅಂತಲೇ ಅರ್ಥ. 650 ನ್ಯೂಟನ್ ಮೀಟರಿನ ಗಾಡಿಯನ್ನು ತುಂಬಿದ ಆಟೋಗಳು ಹಾರನ್ ಹೊಡೆದು ದಾಟಿಹೋದವು. "ಹೊಸ ಗಾಡಿ ಅಲ್ವೇನೋ ಇದು?" ಅಂತ ಅಮ್ಮ ಮೆಲ್ಲಗೆ ಕೇಳಿದಳು. ಕಂಚಿ ಸೀರೆ ಉಟ್ಟ ಅಮ್ಮನನ್ನು ಆಟೋ ಹತ್ತಿಸಿ ಕಳಿಸಿದೆ. ನಾನು ಟೋ ಗಾಡಿಗೆ ಕಾಯುತ್ತಾ ನಿಂತೆ.

ಸರ್ವಿಸ್ ಸೆಂಟರಿನಲ್ಲಿ ಯಂತ್ರಕ್ಕೆ ಜೋಡಿಸಿ ಬಲವಂತವಾಗಿ ಮಸಿ ಸುಟ್ಟರು, ಆಯಿಲ್ ಬದಲಿಸಿದರು. ಬಿಲ್ಲು 62,000 ರೂಪಾಯಿ. ವಾರಂಟಿ ಇದೆಯಲ್ಲ ಅಂದೆ. "ಇದು ಪಾರ್ಟಿನ ದೋಷ ಅಲ್ಲ ಸರ್, ನಿಮ್ಮ ಯೂಸೇಜ್ ಪ್ಯಾಟರ್ನ್" ಅಂದರು. ಜಗಳ ಮಾಡಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋದು ಅಂತಲೂ ಹೊರಟೆ. ಅಷ್ಟರಲ್ಲಿ ಅಡ್ವೈಸರ್ ಮ್ಯಾನುಯಲ್ ತೆಗೆದು ಒಂದು ಪುಟ ತೋರಿಸಿದ. ಸಣ್ಣ ಸಣ್ಣ ದೂರಕ್ಕೇ ಓಡಿಸುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆಗಾಗ ವೇಗವಾಗಿ ಓಡಿಸಿ ಅಂತ ಸ್ಪಷ್ಟವಾಗಿ ಬರೆದಿದೆ. ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ನಾನು ಬಿಚ್ಚಿರಲಿಲ್ಲ. ಶೋರೂಮಿನವರ ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರೋದು? ದುಡ್ಡು ಕಟ್ಟಿ ಬಂದೆ. ಇದೇ ರೀತಿ ಮುಂದುವರಿದು ಫಿಲ್ಟರನ್ನೇ ಬದಲಿಸಬೇಕಾಗಿ ಬಂದರೆ ಲಕ್ಷಗಳಲ್ಲಿ ಮಾತು ಅಂತ ಹೇಳಿ ಕಳಿಸಿದರು.

ಹೊರಗೆ ಒಬ್ಬ 'ಫಿಲ್ಟರ್ ಕಿತ್ತು ರೀಮ್ಯಾಪ್ ಮಾಡ್ಸಿ ಸಾರ್, ತಲೆನೋವೇ ಇರಲ್ಲ' ಅಂದ. ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿಸೋದು. ದಯವಿಟ್ಟು ಆ ಕೆಲಸ ಮಾಡಬೇಡಿ. ಕಾನೂನಿಗೆ ವಿರುದ್ಧ, ವಾರಂಟಿಯೂ ಕೈಬಿಟ್ಟು ಹೋಗುತ್ತೆ, ಮಸಿಯೆಲ್ಲ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರೋರ ಮೂಗಿಗೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ನನಗೆ ಡೀಸೆಲ್ ಗಾಡಿ ಪೆಟ್ರೋಲಿಗಿಂತ 9 ಲಕ್ಷ ಜಾಸ್ತಿ ಬಿತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್, ಒಟ್ಟು ಹತ್ತಿರ ಹತ್ತಿರ 20. ಇನ್ಶೂರೆನ್ಸ್ ಸೇರಿ ವ್ಯತ್ಯಾಸ 11 ಲಕ್ಷ. ಈಗ ಉಳಿತಾಯ ನೋಡಿ. ನಾನು ಕೊಂಡಾಗ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 102 ರೂಪಾಯಿ, ಡೀಸೆಲ್ 88. ವರ್ಷಕ್ಕೆ 7,000 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ 7 ಕೊಟ್ಟರೆ 1,02,000 ರೂಪಾಯಿ. ಡೀಸೆಲ್ 9 ಕೊಟ್ಟರೆ 68,000 ಚಿಲ್ಲರೆ. ವರ್ಷಕ್ಕೆ ಉಳಿದದ್ದು 33,000-34,000. ಆ 11 ಲಕ್ಷ ವಾಪಸ್ ಬರೋಕೆ ಸುಮಾರು 33 ವರ್ಷ ಬೇಕು. ಅಷ್ಟರಲ್ಲಿ ನನ್ನ ಮೊಮ್ಮಕ್ಕಳು ಗಾಡಿ ಓಡಿಸ್ತಿರ್ತಾರೆ. ಮೊದಲ ಸಲದ ಬಿಲ್ಲೊಂದೇ ಹತ್ತಿರ ಹತ್ತಿರ ಎರಡು ವರ್ಷದ ಉಳಿತಾಯ ನುಂಗಿತು.

ಯೂರಿಯಾ ಖರ್ಚು ಬೇರೆ. ಹೊಗೆಯ ವಿಷಾನಿಲ ಕಡಿಮೆ ಮಾಡೋಕೆ ಆಡ್‌ಬ್ಲೂ ಅನ್ನೋ ಯೂರಿಯಾ ನೀರು ಹಾಕಬೇಕು, ಅದಕ್ಕೆ ನೀಲಿ ಮುಚ್ಚಳದ ಬೇರೆ ಟ್ಯಾಂಕು ಇರುತ್ತೆ. ಅದು ಪೂರ್ತಿ ಖಾಲಿಯಾದರೆ ಗಾಡಿ ಮತ್ತೆ ಸ್ಟಾರ್ಟೇ ಆಗಲ್ಲ. ನೆಲಮಂಗಲದ ಹತ್ತಿರ ಲಾರಿಗಳ ಮಧ್ಯೆ ನಿಲ್ಲಿಸಿ ಕ್ಯಾನ್ ತಗೊಳ್ಳುವಾಗ ಒಬ್ಬ ಡ್ರೈವರ್ "ಇದಕ್ಕೂ ಯೂರಿಯಾನಾ ಸಾರ್?" ಅಂತ ಬೆರಗಾಗಿ ಕೇಳಿದ.

ಇನ್ನು ಆ ಟಾರ್ಕ್ ಮಾತು. ಘಾಟಿಯಲ್ಲಿ, ಟ್ರೇಲರ್ ಎಳೆಯುವಾಗ ಡೀಸೆಲ್ ಸುಖ, ಇಲ್ಲ ಅನ್ನಲ್ಲ. ಆದರೆ ಕೆಸರು ದಾಟಿಸೋದು ಮುಖ್ಯವಾಗಿ ಲೋ ರೇಂಜ್ ಗೇರು (ವೇಗ ಇಳಿಸಿ ಬಲ ಏರಿಸೋದು) ಮತ್ತು ಟೈರು. ಜೀಪ್ ರಾಂಗ್ಲರ್ ನಮ್ಮ ದೇಶದಲ್ಲಿ 2 ಲೀಟರ್ ಟರ್ಬೊ ಪೆಟ್ರೋಲಿನಲ್ಲೇ ಬರುತ್ತದೆ, 400 ನ್ಯೂಟನ್ ಮೀಟರ್. ಅದರ ರೂಬಿಕಾನ್ ಮಾದರಿಯ ಲೋ ರೇಂಜ್ ಆ ಬಲವನ್ನು ಇನ್ನೂ ನಾಲ್ಕು ಪಟ್ಟು ಮಾಡುತ್ತದೆ. ಅದಕ್ಕೆ ಗುಡ್ಡ ಹತ್ತೋಕೆ ಬರಲ್ಲ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಹೋದ ಮಳೆಗಾಲದಲ್ಲಿ ನಮ್ಮ ತೋಟದ ಏರಿನಲ್ಲಿ ನನ್ನ ಗಾಡಿ ನುಣ್ಣನೆಯ ರಸ್ತೆ ಟೈರಿನಲ್ಲಿ ಜಾರಿ ಚರಂಡಿ ಕಡೆ ವಾಲಿತು. ಪಕ್ಕದ ತೋಟದವರ ಮಾರುತಿ ಜಿಮ್ನಿ ಆಗಲೇ ಏರು ಹತ್ತಿ ನಿಂತಿತ್ತು. ಅದು 1.5 ಲೀಟರ್ ಪೆಟ್ರೋಲ್, 134 ನ್ಯೂಟನ್ ಮೀಟರ್, ಒಳ್ಳೇ ಮಡ್ ಟೈರು. ಅಪ್ಪ ಕೊಡೆ ಹಿಡಿದುಕೊಂಡು ಎರಡೂ ಗಾಡಿಗಳನ್ನು ಒಂದೊಂದು ಸಲ ನೋಡಿದರು. ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೇ ಚೆನ್ನಾಗಿತ್ತು.

ಹಾಗಂತ ಡೀಸೆಲ್ ಯಾರಿಗೂ ಬೇಡ ಅಂತಲ್ಲ. ಹುಬ್ಬಳ್ಳಿಯಲ್ಲಿ ನನ್ನ ಸ್ನೇಹಿತನ ಹತ್ತಿರ ಇದೇ ಗಾಡಿ, ಇದೇ ಎಂಜಿನ್ ಇದೆ. ವಾರಕ್ಕೆ ಮೂರು ಸಲ ಬೆಳಗಾವಿಗೆ ಹೋಗಿ ಬರುತ್ತಾನೆ. ಅವನಿಗೆ ಆ ಹಳದಿ ದೀಪ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕೆಲಸದ ಮೇಲೆ ದಿಲ್ಲಿ ಕಡೆ ವರ್ಗವಾಗೋ ಯೋಚನೆ ಇರೋರು ಮಾತ್ರ ಇನ್ನೊಂದು ಸಲ ಯೋಚಿಸಿ. ಅಲ್ಲಿ ಹತ್ತು ವರ್ಷ ಆದ ಡೀಸೆಲ್ ಕಾರಿನ ಮೇಲೆ 2015ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಿಂದ ಶುರುವಾದ ಕೋರ್ಟಿನ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆದಿದೆ. ಪೆಟ್ರೋಲಿಗೂ ಅದರದೇ ಕಾಟ ಇದೆ, ಮುಖ್ಯವಾಗಿ ಬಾಯಾರಿಕೆ. ಕೆಲವು ಹೊಸ ಪೆಟ್ರೋಲ್ ಎಂಜಿನ್ನಿಗೂ ಫಿಲ್ಟರ್ ಇದೆ. ಆದರೆ ಅದರ ಹೊಗೆ ಹೆಚ್ಚು ಬಿಸಿ, ಮಸಿ ಕಡಿಮೆ, ಊರೊಳಗಿನ ಓಡಾಟದಲ್ಲಿ ಇಷ್ಟು ಕಾಡಲ್ಲ.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಏರ್‌ಪೋರ್ಟ್ ರಸ್ತೆಗೇ ಕರೆದುಕೊಂಡು ಹೋಗ್ತಾರೆ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿರುತ್ತೆ. ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಮನೆಯಿಂದ ಆಫೀಸಿಗೆ ಓಡಿಸಿ ನೋಡ್ತೀನಿ ಅನ್ನಿ. 'ನನ್ನ ಓಡಾಟ ದಿನಕ್ಕೆ ಇಷ್ಟು, ಡಿಪಿಎಫ್ ಕಟ್ಟಿಕೊಂಡರೆ ವಾರಂಟಿ ಕೊಡ್ತೀರಾ' ಅಂತ ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಇಮೇಲಿನಲ್ಲೇ ತರಿಸಿಕೊಳ್ಳಿ. ಅಡ್ವಾನ್ಸ್ ಆಮೇಲೆ.

ನನ್ನ ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ಮಾರಿದರೆ ನಷ್ಟ ಜಾಸ್ತಿ. ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ನೈಸ್ ರೋಡಿನಲ್ಲಿ ಟೋಲ್ ಕಟ್ಟಿ ಅದನ್ನು ಓಡಿಸಿಕೊಂಡು ಬರುತ್ತೇನೆ. "ಎಲ್ಲರೂ ನಾಯಿ ವಾಕಿಂಗ್ ಕರ್ಕೊಂಡು ಹೋಗ್ತಾರೆ, ನೀವು ಕಾರನ್ನ ಕರ್ಕೊಂಡು ಹೋಗ್ತೀರ ಕಣ್ರೀ" ಅಂತಾಳೆ ಹೆಂಡತಿ. ಒಮ್ಮೊಮ್ಮೆ ಅವಳೂ ಬರುತ್ತಾಳೆ. ಹಾಗೇ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್. ಅಲ್ಲಿಂದೀಚೆಗೆ ಕೆಂಪು ದೀಪ ಬಂದಿಲ್ಲ.

ಭಾವಮೈದನಿಗೆ ಒಂದೇ ಕೆಲಸ ಹೇಳಿದ್ದೆ. ಅಡ್ವಾನ್ಸ್ ಒಂದು ವಾರ ತಡಿ, ಈಗಿರೋ ಕಾರಿನ ಮೀಟರನ್ನು ದಿನಾ ರಾತ್ರಿ ಬರೆದಿಡು ಅಂತ. ನಿನ್ನೆ ಚೀಟಿಯ ಫೋಟೊ ಕಳಿಸಿದ. ಏಳು ದಿನ, 81 ಕಿಲೋಮೀಟರ್. ಅದರಲ್ಲಿ 30 ಭಾನುವಾರ ಅತ್ತೆ ಮನೆಗೆ ಹೋಗಿ ಬಂದದ್ದು. ನಾನು ಏನಾದರೂ ಟೈಪ್ ಮಾಡೋ ಮುಂಚೆಯೇ ಕೆಳಗೆ ಇನ್ನೊಂದು ಮೆಸೇಜು ಬಂತು: "ಪೆಟ್ರೋಲ್ ಅಲ್ವಾ ಭಾವ?"