ಬಿಲ್ಲಿಂಗ್ ಸಾಫ್ಟ್‌ವೇರಿನ ಎಐ ಕನೆಕ್ಟರ್: ಟೂಲ್ ಹಳೆಯದೇ, ವಿವರಣೆ ಹೊಸದು

ಐದಕ್ಕೆ ನಾಲ್ಕು ಸ್ಟಾರ್. ಮಳೆಗಾಲಕ್ಕೆ ಮೊದಲು ಕೇಳಿದ್ದರೆ ಒಂದು ಕೊಡುತ್ತಿದ್ದೆ, ಅದೂ ದಾಕ್ಷಿಣ್ಯಕ್ಕೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆಯುವವಳು. ಖರೀದಿ, ಮಾರಾಟ, ಜಿಎಸ್‌ಟಿ ರಿಟರ್ನ್ ಎಲ್ಲ ನನ್ನ ಕೈಯಲ್ಲೇ. ಸಾಫ್ಟ್‌ವೇರಿನ ಹೆಸರು ಬರೆಯುವುದಿಲ್ಲ; ನಾಳೆ ಏನಾದರೂ ಆದರೆ ಅವರಿಗೇ ಫೋನ್ ಮಾಡಬೇಕಲ್ವಾ. ಸಾಫ್ಟ್‌ವೇರ್ ಚೆನ್ನಾಗಿಯೇ ಇದೆ. ನಾನು ಹೇಳಹೊರಟಿರುವುದು ಅದಕ್ಕೆ ಅವರು ಸೇರಿಸಿದ ಎಐ ಕನೆಕ್ಟರ್ ಬಗ್ಗೆ. ಕ್ಲಾಡ್‌ನಂಥ ಏಜೆಂಟಿಗೆ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐಗೆ) "ಪುತ್ತೂರಿಗೆ ಹೋದ ಬಿಲ್ಲುಗಳನ್ನು ತೋರಿಸು" ಅಂದರೆ ಅದೇ ಒಳಗೆ ಹೋಗಿ ಹುಡುಕಿ ತರಬೇಕು.

ಇದು ನಡೆಯುವುದು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಅನ್ನುವ, ಎಐಯನ್ನು ಬೇರೆ ಸಾಫ್ಟ್‌ವೇರಿಗೆ ಜೋಡಿಸುವ ಪದ್ಧತಿಯಲ್ಲಿ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಬಿಡುಗಡೆ ಮಾಡಿತು, ಈಗ ಬೇರೆ ಕಂಪನಿಯವರೂ ಬಳಸುತ್ತಾರೆ. ಏಜೆಂಟ್ ಸಾಫ್ಟ್‌ವೇರಿನಲ್ಲಿ ಮಾಡಬಹುದಾದ ಒಂದೊಂದು ಕೆಲಸಕ್ಕೆ ಟೂಲ್ ಅನ್ನುತ್ತಾರೆ. ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ಪಟ್ಟಿ ಇರುತ್ತದೆ. ಯಾವ ಟೂಲ್ ಹಿಡಿಯಬೇಕು ಅಂತ ಏಜೆಂಟ್ ತೀರ್ಮಾನಿಸುವುದು ಇವನ್ನು ಓದಿಯೇ. ನಮ್ಮ ಅಂಗಡಿಯ ಹುಡುಗನಾದರೆ ಗೊತ್ತಾಗದಿದ್ದಾಗ "ಅಕ್ಕಾ, ಇದು ಎಂತ?" ಅಂತ ಕೇಳುತ್ತಾನೆ. ಏಜೆಂಟ್ ಬಹಳ ಸಲ ಕೇಳುವುದೂ ಇಲ್ಲ, ಅಂದಾಜು ಮಾಡಿ ಮುಂದೆ ಹೋಗುತ್ತದೆ.

ಮಳೆಗಾಲಕ್ಕೆ ಮೊದಲಿದ್ದ ಹಳೇ ವಿವರಣೆ ಹೇಗಿತ್ತು ಅಂದರೆ, ಒಂದು ಟೂಲಿನ ಹೆಸರು "ಗೆಟ್ ಡೇಟಾ", ಇನ್ನೊಂದರದ್ದು "ಗೆಟ್ ಡೇಟಾ 2". ಕೆಳಗೆ "ಡೇಟಾ ತರುತ್ತದೆ" ಅಂತ ಒಂದು ಸಾಲು. ಎಂತ ಡೇಟಾ ಮಾರಾಯ್ರೆ? ಒಂದು ಖರೀದಿಯದ್ದು, ಒಂದು ಮಾರಾಟದ್ದು. ತೂಕದ ಜಾಗದಲ್ಲಿ ಬರೀ "ತೂಕ". ಕಿಲೋವೋ ಕ್ವಿಂಟಲ್ಲೋ ಬರೆದಿರಲಿಲ್ಲ.

ಜಾಸ್ತಿ ಕಾಟ ಕೊಟ್ಟದ್ದು ದಿನಾಂಕ. 03/04 ಅಂದರೆ ನಮಗೆ ಏಪ್ರಿಲ್ 3. ಅದನ್ನೇ ತಿಂಗಳು ಮೊದಲು ಅಂತ ಓದಿದರೆ ಮಾರ್ಚ್ 4. ಬೇರೆ ಯಾವ ತಿಂಗಳಲ್ಲಾದರೂ ಹೇಗೋ ಸುಧಾರಿಸಬಹುದು, ಇಲ್ಲಿ ನಡುವೆ ಮಾರ್ಚ್ 31 ಇದೆ. ಹೊಸ ಹಣಕಾಸು ವರ್ಷದ ಬಿಲ್ ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಈಗ ವಿವರಣೆಯಲ್ಲಿ "ವರ್ಷ-ತಿಂಗಳು-ದಿನ, ಉದಾಹರಣೆಗೆ 2025-04-03" ಅಂತಿದೆ. ಒಂದು ಸಾಲು ಸೇರಿಸಿದ್ದಕ್ಕೆ ಈ ತಲೆನೋವು ಹೋಯಿತು.

ಎರಡನೆಯದು ರಾಜ್ಯದ ಕೋಡ್. ಗಡಿಯಲ್ಲಿರುವ ನಮಗೆ ಇದು ದಿನಾ ಬೇಕು. ಕುಂಬಳೆಯ ವ್ಯಾಪಾರಿಗೆ ಮಾರಿದರೆ ಕೇರಳದ 32, ಒಣ ಅಡಿಕೆಯ 5 ಶೇಕಡಾ ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಕೇಂದ್ರಕ್ಕೆ, ರಾಜ್ಯಕ್ಕೆ ಎರಡು ಪಾಲಾಗುತ್ತದೆ. ವಿಟ್ಲಕ್ಕೆ ಹೋದರೆ ಕರ್ನಾಟಕದ 29, ಬೇರೆ ರಾಜ್ಯವಾದ್ದರಿಂದ ಪೂರ್ತಿ ಐಜಿಎಸ್‌ಟಿ. ಏಜೆಂಟ್ "ಕರ್ನಾಟಕ" ಅಂತ ಹೆಸರು ತುಂಬಿಸುತ್ತಿತ್ತು, ಟೂಲ್ "ತಪ್ಪು ಮಾಹಿತಿ" ಅಂತ ತಿರುಗಿಸಿ ಕಳಿಸುತ್ತಿತ್ತು. ಯಾವುದು ತಪ್ಪು ಅಂತ ಹೇಳುತ್ತಿರಲಿಲ್ಲ. ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸಿ, ಕೊನೆಗೆ ಸುಮ್ನೆ ಕ್ಷಮೆ ಕೇಳಿ ಕೂರುತ್ತಿತ್ತು. ಈಗಿನ ಎರರ್ ಹೀಗಿದೆ: "ರಾಜ್ಯಕ್ಕೆ ಎರಡಂಕಿಯ ಜಿಎಸ್‌ಟಿ ಕೋಡ್ ಬೇಕು, ಕರ್ನಾಟಕಕ್ಕೆ 29." ಏಜೆಂಟ್ ಅದನ್ನು ಓದಿ ತಾನೇ ಸರಿಮಾಡಿಕೊಳ್ಳುತ್ತದೆ. ಎರರ್ ಬರೆಯುವುದೂ ವಿವರಣೆ ಬರೆಯುವ ಕೆಲಸವೇ ಅಂತ ಕಂಪನಿಯಲ್ಲಿ ಯಾರೋ ಒಬ್ಬರಿಗೆ ಹೊಳೆದಿದೆ. ಅವರಿಗೆ ಸಂಬಳ ಏರಿಸಲಿ.

ಯಾವಾಗ ಬಳಸಬಾರದು ಅಂತಲೂ ಈಗ ಬರೆದಿದ್ದಾರೆ. "ಒಟ್ಟು ಮೊತ್ತ ಮಾತ್ರ ಬೇಕಿದ್ದರೆ ಇದನ್ನು ಬಳಸಬೇಡಿ, ಸಾರಾಂಶದ ಟೂಲ್ ಬಳಸಿ." ಮೊದಲೆಲ್ಲ ಒಂದು ಮೊತ್ತ ಕೇಳಿದರೆ ವರ್ಷದ ಬಿಲ್ಲುಗಳನ್ನೆಲ್ಲ ಎಳೆದುಕೊಂಡು ಬಂದು, ಅಷ್ಟನ್ನು ಓದುವಷ್ಟರಲ್ಲಿ ಏನು ಕೇಳಿದ್ದೆ ಅನ್ನುವುದೇ ಅದಕ್ಕೆ ಮರೆಯುತ್ತಿತ್ತು.

ಇನ್ನು ಹೋದ ಒಂದು ಸ್ಟಾರ್. ನಮ್ಮಲ್ಲಿ ಪಾರ್ಟಿಗಳ (ಅಂದರೆ ನಮ್ಮ ಜತೆ ವ್ಯವಹಾರ ಮಾಡುವವರ) ಹೆಸರು ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ. ಕಾಸರಗೋಡಿನಲ್ಲಿ ಹೀಗಲ್ಲದೆ ಹೇಗಿರುತ್ತದೆ? ಹುಡುಕುವ ಟೂಲ್ ನಾವು ಕೊಟ್ಟ ಲಿಪಿಯಲ್ಲಿ ಮಾತ್ರ ಹುಡುಕುತ್ತದೆ. ಈ ಮಾತು ವಿವರಣೆಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಏಜೆಂಟ್ ಧೈರ್ಯವಾಗಿ "ಆ ಹೆಸರಿನ ಪಾರ್ಟಿ ಇಲ್ಲ" ಅನ್ನುತ್ತದೆ. ಹೊಸ ಪಾರ್ಟಿ ಮಾಡಲಾ ಅಂತ ಬೇರೆ ಕೇಳುತ್ತದೆ! ಸದ್ಯಕ್ಕೆ ಪಾರ್ಟಿ ನಂಬರ್ ಕೊಟ್ಟೇ ಕೆಲಸ ಮಾಡಿಸುತ್ತಿದ್ದೇನೆ.

ಬಿಲ್ ಅಳಿಸುವ ಟೂಲಿನ ಮೇಲೆ "ಅಪಾಯ" ಅನ್ನುವ ಗುರುತು ಹಾಕಿದ್ದಾರೆ. ಎಂಸಿಪಿಯಲ್ಲಿ ಅಂಥ ಗುರುತು ಬರೀ ಸೂಚನೆ, ಅದು ಯಾರನ್ನೂ ತಡೆಯುವುದಿಲ್ಲ. ನಾನಂತೂ ಆ ಟೂಲನ್ನು ಆಫ್ ಮಾಡಿಯೇ ಇಟ್ಟಿದ್ದೇನೆ, ನೀವೂ ಹಾಗೇ ಮಾಡಿ. ಮುಂದೆ ರಿಟರ್ನ್ ಸಲ್ಲಿಸುವ ಟೂಲ್ ಕೂಡ ಬರುತ್ತದಂತೆ, ಅದಕ್ಕೆ ದುಡ್ಡು ಬೇರೆ. ವಿವರಣೆಯನ್ನು ಮೊದಲು ಕಳಿಸಿ, ಓದಿ ಹೇಳುತ್ತೇನೆ ಅಂದಿದ್ದೇನೆ.