ಮೆಲ್ಬರ್ನ್‌ನಲ್ಲಿ ಬಾಡಿಗೆ ಕಯಾಕ್, ಸ್ನ್ಯಾಪರ್ ಮೀನು

ನವೆಂಬರ್‌ನಲ್ಲಿ ಮೆಲ್ಬರ್ನ್ ಪಕ್ಕದ ಪೋರ್ಟ್ ಫಿಲಿಪ್ ಕೊಲ್ಲಿಗೆ ಸ್ನ್ಯಾಪರ್ ಮೀನುಗಳು ಮೊಟ್ಟೆ ಇಡಲು ಬರುತ್ತವೆ, ದಡದ ಹತ್ತಿರವೇ ಸಿಗುತ್ತವೆ, ದೊಡ್ಡ ದೋಣಿ ಇಲ್ಲದ ನಮ್ಮಂಥವರಿಗೆ ಇದೇ ಒಳ್ಳೆ ಕಾಲ. ಹಾಗಾಗಿ ಮಾರ್ನಿಂಗ್ಟನ್ ಕಡೆ ಒಂದು ಅಂಗಡಿಯಲ್ಲಿ ಪೆಡಲ್ ಕಯಾಕ್, ಅಂದರೆ ಕಾಲಲ್ಲಿ ತುಳಿದು ನಡೆಸುವ ಪುಟ್ಟ ದೋಣಿ, ಬಾಡಿಗೆಗೆ ತಗೊಂಡೆ.

ಕಯಾಕ್ ಚೆನ್ನಾಗಿದೆ. ಪೆಡಲ್ ತುಳಿಯುವುದರಿಂದ ಕೈ ಎರಡೂ ಖಾಲಿ, ಗಾಳ ಹಿಡಿಯಲು ಸುಲಭ. ಆದರೆ ರಾಡ್ ಸಿಕ್ಕಿಸುವ ಹೋಲ್ಡರ್ ಸಡಿಲ ಇತ್ತು, ಮೀನು ಎಳೆದಾಗ ರಾಡ್ ನೀರಿಗೆ ಹೋಗುವುದರಲ್ಲಿತ್ತು. ಹೊರಡುವ ಮುಂಚೆ ಅಲ್ಲಾಡಿಸಿ ನೋಡಿ.

ಅಂಗಡಿಯವರು ಲೈಫ್ ಜಾಕೆಟ್ ಹಾಕಿಸಿಯೇ ಕಳಿಸಿದರು, ದಡದಿಂದ ಸಮುದ್ರದ ಕಡೆ ಗಾಳಿ ಬೀಸಿದರೆ ತಕ್ಷಣ ವಾಪಸ್ ಬನ್ನಿ ಅಂತ ಎರಡು ಸಲ ಹೇಳಿದರು. ಆ ಕಾಳಜಿ ನನಗೆ ತುಂಬಾ ಇಷ್ಟವಾಯಿತು. ಮೀನು ಹಿಡಿಯುವ ಲೈಸೆನ್ಸ್ ಮಾತ್ರ ನೀವೇ ಮಾಡಿಸಬೇಕು. 28 ಸೆಂ.ಮೀ.ಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಬೇಕು, ಅಳತೆಪಟ್ಟಿ ಮರೀಬೇಡಿ.

ಬೆಳಕು ಹರಿಯುವ ಹೊತ್ತಿಗೆ ಗಾಳಕ್ಕೆ ಸ್ಕ್ವಿಡ್ ತುಂಡು ಹಾಕಿ ಕೂತಿದ್ದೆ. ಎರಡು ಸಿಕ್ಕವು. ಖಾರ, ಹುಣಸೆ ಹಚ್ಚಿ ತವಾದಲ್ಲಿ ಹುರಿದೆವು, ಮುಳ್ಳು ದಪ್ಪ ಇರುವುದರಿಂದ ಮಕ್ಕಳೂ ಆರಾಮಾಗಿ ತಿಂದರು. ಡಿಸೆಂಬರ್‌ನಲ್ಲಿ ಇದೇ ಅಂಗಡಿಗೆ ಮತ್ತೆ ಹೋಗ್ತೀನಿ.